ಡೈರೆಕ್ಟಿವಿಟಿ ಜಾಸ್ತಿ ಇರೋ ಆಂಟೆನಾ ಹಾಕಿದರೆ ಪವರ್ ಜಾಸ್ತಿ ಆಗುತ್ತಾ? ಮನೆಯಿಂದ 3 ಕಿ.ಮೀ. ದೂರದ ತೋಟಕ್ಕೆ ನೆಟ್ ಒಯ್ಯಬೇಕು

ಇದೇ ನಂಬಿಕೆ ಇಟ್ಟುಕೊಂಡು ಕಾರಟಗಿ ಹತ್ತಿರದ ಒಂದು ರೈಸ್‌ಮಿಲ್ಲಿನಲ್ಲಿ ನಾನು ಮರ್ಯಾದೆ ಕಳಕೊಂಡಿದ್ದೀನಿ. ಗೋದಾಮು 4 ಕಿ.ಮೀ. ದೂರ. 16 ಡಿಬಿಐ ಪ್ಯಾನೆಲ್ (ಚಪ್ಪಟೆ ಆಂಟೆನಾ) ಸಾಕಿತ್ತು; ಡಿಬಿಐ ಅಂದರೆ ಆಂಟೆನಾ ಒಂದೇ ದಿಕ್ಕಿಗೆ ಎಷ್ಟು ಜೋರು ಕೊಡುತ್ತೆ ಅನ್ನೋ ಅಳತೆ. ನಾನು ಜಂಬಕ್ಕೆ ಎರಡೂ ಕಡೆ 30 ಡಿಬಿಐ ಡಿಶ್ ತರಿಸಿದೆ.

ಆಂಟೆನಾ ಪವರ್ ಹುಟ್ಟಿಸಲ್ಲ ರೀ. ಎಡದಂಡೆ ಕಾಲುವೆ ತೂಬಿನ ನೀರಿದ್ದ ಹಾಗೆ: ಬರೋದು ಅಷ್ಟೇ, ಉಳಿದ ಮಡಿಗೆ ಕಟ್ಟಿ ಒಂದಕ್ಕೇ ತಿರುಗಿಸಿದರೆ ಅಲ್ಲಿ ಜೋರು. ಸುತ್ತಲೂ ಸಮನಾಗಿ ಹಂಚಿದ್ದರೆ ಎಷ್ಟು ಸಿಗುತ್ತಿತ್ತೋ, ಅದರ ಎಷ್ಟು ಪಟ್ಟು ಅತಿ ಜೋರಿನ ದಿಕ್ಕಿಗೆ ಹೋಗುತ್ತೆ ಅನ್ನೋದೇ ಡೈರೆಕ್ಟಿವಿಟಿ. ಅದರಲ್ಲಿ ಆಂಟೆನಾ ತಾನೇ ನುಂಗಿದ್ದನ್ನು ಕಳೆದರೆ ಗೇನ್. ಡಬ್ಬದ ಮೇಲೆ ಬರೆದಿರೋದು ಇದು. 30 ಡಿಬಿಐ ಅಂದರೆ 1000 ಪಟ್ಟು, ಆದರೆ ಬೀಮ್ ಅಗಲ ಬರೀ 5 ಡಿಗ್ರಿ ಆಸುಪಾಸು.

ಈಗ ನನ್ನ ತಪ್ಪು. ಡಿಶ್ ತಿರುಗಿಸ್ತಾ ಲ್ಯಾಪ್‌ಟಾಪ್ ನೋಡ್ತಿದ್ದೆ. ಸಿಗ್ನಲ್ ಏರಿತು, −75 ಡಿಬಿಎಂ ಮುಟ್ಟಿತು (ಇದು ಸಿಗ್ನಲ್ ಅಳತೆ, ಸೊನ್ನೆಗೆ ಹತ್ತಿರ ಬಂದಷ್ಟೂ ಜೋರು), ಆಚೆ ಈಚೆ ಸರಿಸಿದರೆ ಇಳೀತು. ಇದೇ ತುದಿ ಅಂತ ಬೋಲ್ಟ್ ಬಿಗಿದೆ. ಅದು ತುದಿ ಅಲ್ಲ, ಸೈಡ್ ಲೋಬ್! ಡಿಶ್ಶಿನ ಮುಖ್ಯ ಬೀಮ್ ಪಕ್ಕದಲ್ಲಿ ಸಣ್ಣ ಸಣ್ಣ ಬೀಮ್ ಇರ್ತವೆ, ಸುಮಾರು 20 ಡಿಬಿ ಕಡಿಮೆ, ಅಂದರೆ ನೂರರಲ್ಲಿ ಒಂದು ಪಾಲು. ಅಲ್ಲೂ ಸಿಗ್ನಲ್ ಏರಿ ಇಳಿಯುತ್ತೆ, ಅದಕ್ಕೇ ಮೋಸ. 5.8 ಗಿಗಾಹರ್ಟ್ಸ್, 4 ಕಿ.ಮೀ., ನಾನಿಟ್ಟ ಪವರ್ ಎಲ್ಲ ಕೂಡಿಸಿ ಕಳೆದರೆ −54 ಬರಬೇಕಿತ್ತು. ಆ ಎರಡು ನಿಮಿಷದ ಲೆಕ್ಕ ಮಾಡಲಿಲ್ಲ.

ಭತ್ತದ ಸುಗ್ಗಿ ಬಂತು. ಕಾಟಾ ಮುಂದೆ ಲಾರಿ ಸಾಲು, ಬಿಲ್ ತೆರೆಯಲ್ಲ. ಸಾವ್ಕಾರ್ರು, "ಏನಪಾ, ನಿನ್ನ ನೆಟ್ಟು ಗಾಳಿಗಿ ಹಾರಿ ಹೋತೇನು?" ಅಂದರು. ಡಿಶ್ ಬಿಚ್ಚೋಣ ಅಂತ ಬೋಲ್ಟ್ ಸಡಿಲಿಸಿದೆ, ಅಂಚು ಎರಡು ಬೆರಳಷ್ಟು ಜಾರಿತು, −56! ಕಂಬದ ಮೇಲೇ ನಗು ಬಂತು, ಅಳುನೂ.

ನಿಮ್ಮ 3 ಕಿ.ಮೀ.ಗೆ "ಎಷ್ಟು ಡಿಬಿಐ" ಅನ್ನೋ ಪ್ರಶ್ನೆಯೇ ಸರಿಯಿಲ್ಲ. ನಡುವೆ ಮರ ಇದೆಯಾ, ಕಂಬ ಅಲುಗಾಡುತ್ತಾ ಅಂತ ಮೊದಲು ನೋಡಿ. 16ರ ಪ್ಯಾನೆಲ್ ತಗೊಳ್ಳಿ, ಉಳಿದ ದುಡ್ಡಿಗೆ ದಪ್ಪ ಜಿಐ ಪೈಪ್ ಹಾಕಿ ಬುಡಕ್ಕೆ ಕಾಂಕ್ರೀಟ್ ಕಟ್ಟಿಸಿ. ಬಿದಿರು ಗಳ ಮಾತ್ರ ಬೇಡ.