ಬಾಯಿ ಕಟ್ಟಲಾಗದವರು ಯಾರು?

ಶಿರಸಿ ಹತ್ತಿರದ ನಿವೃತ್ತ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ಹುಬ್ಬಳ್ಳಿಯಲ್ಲಿ ನೌಕರಿ ಮಾಡುವ ಅವರ ಸೋದರಳಿಯನಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಈಗ ವೈದ್ಯರು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಕೊಟ್ಟಿದ್ದಾರೆ. ಸಕ್ಕರೆ ಹತೋಟಿಗೆ ಬಂದಿದೆ, ತೂಕವೂ ಇಳಿದಿದೆ. ಮಾಸ್ತರರಿಗೆ ಮಾತ್ರ ಸಮಾಧಾನವಿಲ್ಲ. ‘ನಮ್ಮ ಹಿರಿಯರು ಜೋನಿಬೆಲ್ಲ ಉಂಡು ತೋಟದಲ್ಲಿ ದುಡಿದು ಅರಗಿಸಿಕೊಂಡರು. ಬಾಯಿ ಕಟ್ಟಲಾಗದವರಿಗೆ ಈ ಸೂಜಿ. ಸಕ್ಕರೆ ಕಾಯಿಲೆಗೆ ಮದ್ದೆನ್ನುವ ಏಕನಾಯಕದ ಬೇರು ನಮ್ಮ ಕಾಡಿನಲ್ಲೇ ಇದೆಯಲ್ಲ? ಈ ಮೋಹದ ವಿರುದ್ಧ ನಿಮ್ಮ ಪತ್ರಿಕೆ ಬರೆಯಬೇಕು’ ಎಂಬುದು ಅವರ ಆಗ್ರಹ.

ಮಾಸ್ತರೇ, ಪಥ್ಯ ಮತ್ತು ನಡಿಗೆಯ ಬಗ್ಗೆ ನೀವು ಹೇಳಿದ್ದು ಸರಿ. ಈ ಔಷಧ ಬರೆಯುವ ವೈದ್ಯರೂ ಅದನ್ನು ಬಿಡಿ ಎನ್ನುವುದಿಲ್ಲ. ಆದರೆ ‘ಬಾಯಿ ಕಟ್ಟಲಾಗದವರು’ ಎಂಬ ಮಾತನ್ನು ನಾನು ಹಾಗೆಯೇ ಬಿಡಲಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಷ್ಟೋ ರೋಗಿಗಳನ್ನು ಆಸ್ಪತ್ರೆಯಿಂದ ದೂರ ಇಟ್ಟಿರುವುದು ಇದೇ ಮಾತು.

ನಾವು ಉಂಡಾಗ ಕರುಳಿನ ಕೆಲವು ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ರಕ್ತದಲ್ಲಿ ಸಕ್ಕರೆ ಏರಿದ್ದರೆ ಅದು ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಸಕ್ಕರೆ ಏರಿಸುವ ಗ್ಲುಕಗಾನನ್ನು ತಗ್ಗಿಸುತ್ತದೆ, ಜಠರ ಬರಿದಾಗುವುದನ್ನು ನಿಧಾನಿಸುತ್ತದೆ, ಸಾಕು ಎಂದು ಮೆದುಳಿಗೆ ತಿಳಿಸುತ್ತದೆ. ಅದೇ ಗ್ಲುಕೋಸನ್ನು ರಕ್ತನಾಳಕ್ಕೆ ನೇರವಾಗಿ ಕೊಟ್ಟಾಗಿನದಕ್ಕಿಂತ ಬಾಯಿಂದ ಕೊಟ್ಟಾಗ ಹೆಚ್ಚು ಇನ್ಸುಲಿನ್ ಬರುತ್ತದೆಂದು 1964ರಲ್ಲೇ ಗೊತ್ತಾಗಿತ್ತು. ಟೈಪ್ 2 ಮಧುಮೇಹದಲ್ಲಿ ಕರುಳಿನ ಈ ನೆರವು ಕುಂದಿರುತ್ತದೆ. ಸಾಕು ಎಂಬ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟದವನೂ ಮುಟ್ಟಿದವನೂ ಒಂದೇ ಪಂಕ್ತಿಯಲ್ಲಿ ಕುಳಿತಾಗ ಇಬ್ಬರ ಸಂಯಮವನ್ನು ಒಂದೇ ಅಳತೆಗೋಲಿನಿಂದ ಅಳೆಯುವುದು ಯಾವ ನ್ಯಾಯ?

ನಮ್ಮ ದೇಹ ತಯಾರಿಸುವ ಜಿಎಲ್‌ಪಿ-1 ಒಂದೆರಡು ನಿಮಿಷಗಳಲ್ಲೇ ಒಡೆದುಹೋಗುತ್ತದೆ. ಅದನ್ನೇ ಅನುಕರಿಸುತ್ತ ಬಹುಕಾಲ ಉಳಿಯುವ ಅಣುವನ್ನು ಕಂಡುಹಿಡಿಯುವುದು ವಿಜ್ಞಾನಿಗಳಿಗೆ ಸವಾಲಾಯಿತು. ಪ್ರಕೃತಿಯ ಮದ್ದನ್ನು ನಂಬುವ ನಿಮಗೆ ಈ ಕಥೆ ಇಷ್ಟವಾದೀತು: ಮೊದಲ ದಾರಿ ಸಿಕ್ಕಿದ್ದು ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಲ್ಲಿ. ಅದರ ವಿಷದಲ್ಲಿ ಜಾನ್ ಎಂಗ್ ಎಂಬ ವೈದ್ಯ ವಿಜ್ಞಾನಿ 1990ರ ದಶಕದ ಆರಂಭದಲ್ಲಿ ಕಂಡ, ಪ್ರೋಟೀನಿನ ತುಣುಕಿನಂಥ ಪೆಪ್ಟೈಡ್‌ನಿಂದ ಎಕ್ಸೆನಟೈಡ್ ಎಂಬ ಔಷಧ ಹುಟ್ಟಿ, 2005ರಲ್ಲಿ ಅಲ್ಲಿ ಮಂಜೂರಾಯಿತು. ಅದೇ ಹಾರ್ಮೋನನ್ನು ಅನುಕರಿಸುವ ಸೆಮಾಗ್ಲುಟೈಡ್ ಬಂದದ್ದು 2017ರಲ್ಲಿ. ವಾರಕ್ಕೊಂದು ಚುಚ್ಚುಮದ್ದು ಸಾಕಾಗುವಷ್ಟು ಅದು ದೇಹದಲ್ಲಿ ನಿಲ್ಲುತ್ತದೆ. ಏಕನಾಯಕವನ್ನು ನಾನು ಹಳಿಯುವುದಿಲ್ಲ. ಆದರೆ ಬೇರಿನ ಕಷಾಯ ನಂಬಿ ಮಾತ್ರೆ ನಿಲ್ಲಿಸಿ, ಕಾಲಿನ ಗಾಯ ಕೊಳೆತ ಮೇಲೆ ಮಣಿಪಾಲದ ದಾರಿ ಹಿಡಿದವರನ್ನು ಅಂಕೋಲಾದಿಂದ ಭಟ್ಕಳದವರೆಗೆ ನೋಡಿದ್ದೇನೆ.

2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮಧುಮೇಹವಿಲ್ಲದ ಸ್ಥೂಲಕಾಯದವರು 68 ವಾರ ಸೆಮಾಗ್ಲುಟೈಡ್ ಪಡೆದಾಗ ಸರಾಸರಿ ಶೇ 15ರಷ್ಟು ತೂಕ ಇಳಿಯಿತು. ಪಥ್ಯ, ವ್ಯಾಯಾಮದ ಸಲಹೆಯ ಜೊತೆ ಬರೀ ಹುಸಿಮದ್ದು ಪಡೆದವರಲ್ಲಿ ಇಳಿದದ್ದು ಶೇ 2.4 ಮಾತ್ರ. ಎರಡು ಗುಂಪಿಗೂ ಸಿಕ್ಕ ಉಪದೇಶ ಒಂದೇ ಎಂಬುದನ್ನು ಗಮನಿಸಿ. ಔಷಧ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಕಳೆದ ತೂಕದ ಮೂರನೇ ಎರಡು ಭಾಗ ಮರಳಿತು. ‘ನೋಡಿ, ಇದು ಶಾಶ್ವತವಲ್ಲ’ ಎಂದು ನೀವು ಹೇಳಬಹುದು. ರಕ್ತದೊತ್ತಡದ ಮಾತ್ರೆ ಬಿಟ್ಟರೂ ಒತ್ತಡ ಏರುತ್ತದೆ. ಅದಕ್ಕಾಗಿ ರೋಗಿಯ ನಡತೆಯನ್ನು ಯಾರೂ ಶಂಕಿಸುವುದಿಲ್ಲ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಮೇದೋಜ್ಜೀರಕದ ಉರಿಯೂತದ ಅಪಾಯವೂ ಇದೆ. ಮದುವೆಗೆ ಮುನ್ನ ಸಪೂರವಾಗಲು ಅಂಗಡಿಯಿಂದ ಕೊಂಡು ಚುಚ್ಚಿಕೊಳ್ಳುವವರನ್ನು ನೀವು ಬೈದರೆ ನಾನೂ ದನಿಗೂಡಿಸುತ್ತೇನೆ.

ಕುಮಟಾದ ಪರಿಚಯದ ಮಹಿಳೆಯೊಬ್ಬರು ಇಂಥದೇ ಚುಚ್ಚುಮದ್ದಿನ ಪೆನ್ನನ್ನು ಫ್ರಿಜ್ಜಿನಲ್ಲಿ ತರಕಾರಿಯ ಹಿಂದೆ ಬಚ್ಚಿಡುತ್ತಾರೆ. ಅತ್ತೆ ನೋಡಿದರೆ ಊರಿಗೆಲ್ಲ ಗೊತ್ತಾಗುತ್ತದೆಂಬ ಭಯ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲು ಯಾರಿಗೂ ನಾಚಿಕೆಯಿಲ್ಲ. ಹೊಟ್ಟೆಯ ಹಾರ್ಮೋನಿಗೆ ನೆರವು ಪಡೆಯುವುದಕ್ಕೆ ಯಾಕೆ? ಹವ್ಯಕರ ಪಂಕ್ತಿಯಿರಲಿ, ಕರಾವಳಿಯ ಮೀನೂಟವಿರಲಿ, ಎರಡನೆಯ ಸಲ ಬಡಿಸುವಾಗ ಬೇಡವೆಂದವನನ್ನು ಒತ್ತಾಯಿಸುವವರು ನಾವೇ, ಮರುದಿನ ಅವನ ಹೊಟ್ಟೆ ನೋಡಿ ನಗುವವರೂ ನಾವೇ.

ರೋಗಿಯದೇ ತಪ್ಪು ಎಂದುಬಿಟ್ಟರೆ ಆಳುವವರಿಗೂ ಅನುಕೂಲ. ಭಾರತದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದು 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಸಮೀಕ್ಷೆ ಹೇಳಿತು. ನಮ್ಮ ಜಿಲ್ಲೆ ಮಾತ್ರ ಸುಸಜ್ಜಿತ ಆಸ್ಪತ್ರೆಗಾಗಿ ಕೂಗಿ ಕೂಗಿ ಸೋತಿದೆ. ಹಾರ್ಮೋನ್ ತಜ್ಞರನ್ನು ಕಾಣಲು ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಬೇಕು, ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿಯದಿದ್ದರೆ. ತೆರೆಯದ ಪೆನ್ನನ್ನು 2ರಿಂದ 8 ಡಿಗ್ರಿ ಶೀತದಲ್ಲಿಡಬೇಕು. ಆಷಾಢದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಸಿದ್ದಾಪುರದ ಮನೆಗಳಲ್ಲಿ ಎಲ್ಲಿಡುವುದು? ಇನ್ಸುಲಿನ್ ಶೋಧಿಸಿದವರು 1923ರಲ್ಲಿ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಸೆಮಾಗ್ಲುಟೈಡ್ ತಿಂಗಳಿಗೆ ಸಾವಿರಾರು ರೂಪಾಯಿಯ ಸರಕಾಗಿಯೇ ಈ ದೇಶಕ್ಕೆ ಬಂತು. ಕಂಪನಿಗಳ ಮೇಲೆ ನಿಮಗಿರುವ ಸಿಟ್ಟನ್ನು ದಯವಿಟ್ಟು ಇತ್ತ ತಿರುಗಿಸಿ. ನಿಮ್ಮಂಥವರ ಪತ್ರಕ್ಕೆ ತೂಕವಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೂ ಈ ಔಷಧ ಸಿಗಲೆಂದು ಶಾಸಕರಿಗೆ ಬರೆಯಿರಿ, ನಾವು ಅಚ್ಚು ಹಾಕುತ್ತೇವೆ.

ಸೋದರಳಿಯ ಮುಂದಿನ ಸಲ ಬಂದಾಗ ಬೈಯದೆ ಒಂದು ಮಾತು ಕೇಳಿ: ಇನ್ಸುಲಿನ್ ಹೊರಡಿಸುವ ಗ್ಲಿಮಿಪಿರೈಡ್ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ಜೊತೆಗೆ ತೆಗೆದುಕೊಳ್ಳುತ್ತಿದ್ದಾನೆಯೇ ಎಂದು. ಹೌದಾದರೆ ಸಕ್ಕರೆ ತೀರಾ ಇಳಿಯುವ ಸಂಭವವಿದೆ. ಆ ಮಾತ್ರೆಯ ಅಥವಾ ಇನ್ಸುಲಿನ್ನಿನ ಪ್ರಮಾಣ ತಗ್ಗಿಸಬೇಕೇ ಎಂದು ಅವನು ವೈದ್ಯರಲ್ಲಿ ವಿಚಾರಿಸಲಿ.

— ಸಂಪಾದಕ