ಲೂಸಿಡ್ ಡ್ರೀಮ್‌ಗೂ ನಾವು ಬೆಳೆದ ಮನೆಗೂ ಸಂಬಂಧ ಇದೆಯಾ?

ಕನಸಿನ ಒಳಗೇ ‘ಇದು ಕನಸು’ ಅಂತ ಗೊತ್ತಾಗುವುದಕ್ಕೂ (ಅದೇ ಲೂಸಿಡ್ ಡ್ರೀಮ್) ಬೆಳೆದ ಸಂಸ್ಕೃತಿಗೂ ನಂಟು ಇದೆಯಾ ಅಂತ ಕೇಳಿದ್ದೀರಿ. ನನಗಂತೂ ಇದೆ ಅನ್ನಿಸುತ್ತದೆ. ಮುಖ್ಯವಾಗಿ, ಗೊತ್ತಾದ ಮೇಲೆ ಏನು ಮಾಡುತ್ತೇವೆ ಅನ್ನುವುದರಲ್ಲಿ.

ಯೂಟ್ಯೂಬ್ ನೋಡಿಕೊಂಡು ಎರಡು ತಿಂಗಳು ಪ್ರಯತ್ನಪಟ್ಟಿದ್ದೆ. ಅಲ್ಲಿ ಎಲ್ಲರದ್ದೂ ಒಂದೇ ಮಾತು: ಕನಸು ಅಂತ ಗೊತ್ತಾದ ಕೂಡಲೇ ಹಾರಿ! ಒಂದು ಬೆಳಗಿನ ಜಾವ ಊರ ಮನೆಯ ಜಗಲಿ ಕಂಡಿತು. ತಾತ ಕೂತು ವೀಳ್ಯದೆಲೆಯ ನಾರು ತೆಗೆಯುತ್ತಿದ್ದರು. ಅವರು ತೀರಿಹೋಗಿ ಆರು ವರ್ಷವಾಯಿತಲ್ಲ ಅನ್ನಿಸಿದ್ದೇ ತಡ, ಕನಸು ಅಂತ ಹೊಳೆಯಿತು. ಹಾರಬಹುದಿತ್ತು. ನಾನು ಚಪ್ಪಲಿ ಬಿಟ್ಟು ಕಾಲಿಗೆ ಬಿದ್ದೆ. ಕನಸು ಅಂತ ಗೊತ್ತಿದ್ದೂ ಚಪ್ಪಲಿ ಯಾಕೆ ಬಿಟ್ಟೆನೋ! ಅಷ್ಟರಲ್ಲಿ ಎಚ್ಚರವಾಯಿತು.

ಟಿಬೆಟಿನ ಬೌದ್ಧರದ್ದು ಬೇರೆಯೇ ದಾರಿ. ಬೌದ್ಧ ಗುರು ನಾರೋಪನ ಆರು ಯೋಗಗಳಲ್ಲಿ ಸ್ವಪ್ನಯೋಗವೂ ಒಂದು. ಅವರ ಮಾತಿನಲ್ಲಿ ಮಿಲಮ್. ಕನಸಲ್ಲಿ ಬೆಂಕಿ ಕಂಡರೆ ಹೆದರದೆ ಒಳಗೆ ನಡೆ, ಚಿಕ್ಕದನ್ನು ದೊಡ್ಡದು ಮಾಡು, ಒಂದನ್ನು ಹಲವಾಗಿಸು ಅಂತ ಕಲಿಸುತ್ತಾರೆ. ಮಜಾಕ್ಕಲ್ಲ, ಎಚ್ಚರದಲ್ಲಿ ಕಾಣುವ ಲೋಕವೂ ಕನಸಿನಂಥದ್ದೇ ಅಂತ ಮನಸ್ಸಿಗೆ ಇಳಿಯಲಿ ಅಂತ. ಇತ್ತ 1975ರಲ್ಲಿ ಇಂಗ್ಲೆಂಡಿನ ಸಂಶೋಧಕ ಕೀತ್ ಹರ್ನ್ ಇದನ್ನು ಪ್ರಯೋಗಾಲಯಕ್ಕೆ ತಂದರು. ನಿದ್ದೆಯಲ್ಲಿದ್ದವನು ಮೊದಲೇ ಮಾತಾಡಿಕೊಂಡಂತೆ ಕಣ್ಣು ಅತ್ತಿತ್ತ ಹೊರಳಿಸಿ ‘ಗೊತ್ತಾಯಿತು’ ಅಂತ ಸನ್ನೆ ಮಾಡಿದ. ಒಬ್ಬರಿಗೆ ಸಾಧನೆ, ಇನ್ನೊಬ್ಬರಿಗೆ ಪ್ರಯೋಗ.

ನಮ್ಮಲ್ಲಿ ಬೆಳಗಿನ ಜಾವದ ಕನಸು ನಿಜವಾಗುತ್ತೆ ಅಂತಾರೆ ಅಲ್ವಾ? ನಿಜವಾಗುತ್ತೋ ಬಿಡುತ್ತೋ, ಕನಸು ಜಾಸ್ತಿ ಬೀಳುವ ರೆಮ್ ನಿದ್ದೆ ಉದ್ದವಾಗುವುದು ರಾತ್ರಿಯ ಕೊನೆಯ ಭಾಗದಲ್ಲೇ. ಲೂಸಿಡ್ ಡ್ರೀಮ್ ಕೂಡ ಹೆಚ್ಚಾಗಿ ಆಗಲೇ. ಅಜ್ಜಿ ದಿನಾ ಕಾಫಿ ಕೊಡುತ್ತಾ ‘ಏನು ಕನಸು ಬಿತ್ತೋ?’ ಅಂತ ಕೇಳುತ್ತಿದ್ದರು. ಸುಮ್ನೆ ಕೇಳುತ್ತಿದ್ದದ್ದು. ಆದರೆ ಕನಸನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ನನಗೆ ಅಲ್ಲೇ ಆದದ್ದು, ಮತ್ತು ಲೂಸಿಡ್ ಡ್ರೀಮ್ ಕಲಿಯುವವರಿಗೆ ಮೊದಲ ಪಾಠವೂ ಅದೇ.

ತಾತನ ಕನಸನ್ನು ಅಮ್ಮನಿಗೆ ಹೇಳಿದೆ. ನನಗೆ ಒಳಗೇ ಗೊತ್ತಾಯಿತು ಅನ್ನುವುದು ಅವರಿಗೆ ದೊಡ್ಡ ವಿಷಯವೇ ಅಲ್ಲ. ‘ಮಾವ ಏನಾದ್ರೂ ಕೇಳಿದ್ರಾ?’ ಅಂದರು. ಇಲ್ಲ ಅಂದೆ. ಆ ವರ್ಷ ಮಹಾಲಯ ಅಮಾವಾಸ್ಯೆಯ ಎಡೆಯಲ್ಲಿ ಒಂದು ಕಟ್ಟು ವೀಳ್ಯದೆಲೆ ಜಾಸ್ತಿ ಇತ್ತು.