ಕುರಿ, ಜಿಂಕೆ ಒಂದೇ ಬೆಟ್ಟದಲ್ಲಿ ಮೇಯ್ದರೆ ಜಂತುಹುಳ ಹರಡುತ್ತಾ? ಪತ್ತೆ ಮಾಡೋದು ಹೇಗೆ?

ನನ್ನ ಕೆಲಸವೇ ಇದು, ಹಾಗಾಗಿ ಖುಷಿಯಿಂದ ಉತ್ತರಿಸುತ್ತೇನೆ. ಕೆಲವು ಹುಳ ಹರಡುತ್ತವೆ, ಎಲ್ಲವೂ ಅಲ್ಲ. ಯಾವುದು ಹರಡುತ್ತಿದೆ ಅಂತ ತಿಳಿಯಲು ಹಿಕ್ಕೆಯಲ್ಲಿರುವ ಹುಳದ ಮೊಟ್ಟೆ ಬರೀ ಎಣಿಸಿದರೆ ಸಾಲದು.

ಶುರುವಾಗುವುದು ಹಿಕ್ಕೆಯಿಂದ. ಜಿಂಕೆಯನ್ನು ಹಿಡಿಯುವ ಗೋಜಿಗೆ ಹೋಗುವುದಿಲ್ಲ. ದೂರದಲ್ಲಿ ಕೂತು ಬೈನಾಕ್ಯುಲರ್‌ನಲ್ಲಿ ನೋಡುತ್ತಿರುತ್ತೇವೆ. ಅದು ಹಿಕ್ಕೆ ಹಾಕಿ ಮುಂದೆ ಹೋದ ಮೇಲೆ ಜಾಗ ಹುಡುಕಿಕೊಂಡು ಹೋಗುತ್ತೇವೆ. ಬಿಸಿ ಆರದ ಹಿಕ್ಕೆಯೇ ಬೇಕು. ತಡವಾದರೆ ಮೊಟ್ಟೆ ಒಡೆದು ಲಾರ್ವಾ (ಮರಿಹುಳ) ಹೊರಬರುತ್ತದೆ, ಮಣ್ಣಿನ ಹುಳಗಳೂ ಸೇರಿಕೊಳ್ಳುತ್ತವೆ. ಆಮೇಲೆ ಯಾವುದು ಯಾರದ್ದು ಅಂತ ಹೇಳುವುದು ಕಷ್ಟ.

ಲ್ಯಾಬಿನಲ್ಲಿ 3 ಗ್ರಾಂ ಹಿಕ್ಕೆಯನ್ನು ಕದಡಿ, ಸೋಸಿ, ಗಾಢ ಉಪ್ಪುನೀರಿಗೆ ಹಾಕುತ್ತೇವೆ. ಮೊಟ್ಟೆಗಳು ಮೇಲಕ್ಕೆ ತೇಲುತ್ತವೆ. ಮೊಟ್ಟೆ ಎಣಿಸಲೆಂದೇ ಇರುವ ಮ್ಯಾಕ್‌ಮಾಸ್ಟರ್ ಸ್ಲೈಡಿನಲ್ಲಿ ಕಂಡಷ್ಟನ್ನು 50ರಿಂದ ಗುಣಿಸಿದರೆ ಗ್ರಾಂಗೆ ಎಷ್ಟು ಅಂತ ಸಿಗುತ್ತದೆ. ಲಿವರ್ ಫ್ಲೂಕ್ ಅನ್ನುವ ಚಪ್ಪಟೆ ಹುಳದ ಮೊಟ್ಟೆ ಮಾತ್ರ ಭಾರ, ಅದನ್ನು ನೀರಿನ ತಳದಲ್ಲಿ ಹುಡುಕಬೇಕು. ಅದು ಕುರಿಗೂ ಬರುತ್ತದೆ, ಜಿಂಕೆಗೂ ಬರುತ್ತದೆ.

ತುಂಬಾ ಜನ ಎಡವುವುದು ಈ ಲೆಕ್ಕದಲ್ಲೇ. ಹೊಟ್ಟೆಯಲ್ಲಿ ರಕ್ತ ಹೀರುವ ಹೇಮಾಂಕಸ್ ಅನ್ನುವ ಹುಳದ ಒಂದು ಹೆಣ್ಣು ದಿನಕ್ಕೆ 5,000ಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು. ಹೊಟ್ಟೆಯದೇ ಇನ್ನೊಂದು ಹುಳ ಟೆಲಡೋರ್ಸಾಜಿಯಾ ಅದಕ್ಕಿಂತ ಎಷ್ಟೋ ಕಡಿಮೆ. ಜೊತೆಗೆ, ಬೆಳೆದ ಕುರಿಯ ರೋಗನಿರೋಧಕ ಶಕ್ತಿ ಹುಳ ಮೊಟ್ಟೆ ಇಡುವುದನ್ನೇ ತಗ್ಗಿಸುತ್ತದೆ. ಅಂದ ಮೇಲೆ ಮೊಟ್ಟೆ ಜಾಸ್ತಿ ಇದ್ದರೆ ಹುಳವೂ ಜಾಸ್ತಿ ಅನ್ನುವ ಹಾಗಿಲ್ಲ, ಅಲ್ವಾ? ಇನ್ನೊಂದು ತೊಡಕು: ಈ ಎರಡು ಹುಳಗಳ ಮೊಟ್ಟೆಯೂ ಮೈಕ್ರೋಸ್ಕೋಪಿನಲ್ಲಿ ಹೆಚ್ಚುಕಡಿಮೆ ಒಂದೇ ಥರ. ನೆಮಟೋಡಿರಸ್ ಅನ್ನುವ ಕರುಳಿನ ಹುಳದ ಮೊಟ್ಟೆ ದೊಡ್ಡದು, ನೋಡಿದ ಕೂಡಲೇ ಗೊತ್ತಾಗುತ್ತದೆ. ಉಳಿದವಕ್ಕೆ ಹಿಕ್ಕೆಯನ್ನು ಬೆಚ್ಚಗಿಟ್ಟು ಲಾರ್ವಾ ಬೆಳೆಸಿ, ಬಾಲದ ಪೊರೆ ಎಷ್ಟು ಉದ್ದ ಅಂತ ಅಳೆಯುತ್ತೇವೆ. ಇಲ್ಲವೇ ಡಿಎನ್‌ಎ ಪರೀಕ್ಷೆ ಮಾಡುತ್ತೇವೆ.

ಇಷ್ಟೆಲ್ಲ ಯಾಕೆ ಅಂದರೆ, ಬ್ರಿಟನ್ನಿನ ಕಾಡು ರೋ ಜಿಂಕೆಯೊಂದರಲ್ಲಿ (ಇದು ಚಿಕ್ಕ ಜಾತಿಯ ಜಿಂಕೆ) ಬೆಂಜಿಮಿಡಜೋಲ್ ಅನ್ನುವ ಜಂತು ಔಷಧಿಗೆ ಬಗ್ಗದ ಹೇಮಾಂಕಸ್ ಸಿಕ್ಕಿತ್ತು. ಅದನ್ನು ಕುರಿಗೂ ದನಕ್ಕೂ ಕೊಟ್ಟು ನೋಡಿದಾಗ ಎರಡರಲ್ಲೂ ಚೆನ್ನಾಗಿ ನೆಲೆಯೂರಿತು. 2014ರಲ್ಲಿ ಪ್ರಕಟವಾದ ಅಧ್ಯಯನ ಇದು. ಹಾಗಂತ ಸುಮ್ನೆ ಜಿಂಕೆಯನ್ನು ದೂರಬೇಡಿ. ಕಾಡು ಜಿಂಕೆಗೆ ಯಾರೂ ಜಂತು ಔಷಧಿ ಕುಡಿಸುವುದಿಲ್ಲ. ಔಷಧಿಗೆ ಬಗ್ಗದ ಹುಳ ತಯಾರಾಗುವುದು ಪದೇ ಪದೇ ಔಷಧಿ ಕುಡಿಸುವ ಹಿಂಡುಗಳಲ್ಲಿ.

ನಿಮ್ಮ ಹಿಂಡಿನ ಹಿಕ್ಕೆ ಪರೀಕ್ಷೆಗೆ ಕೊಡುವಾಗ ಎರಡು ವಿಷಯ ಕೇಳಿ. ಯಾವ ಜಾತಿಯ ಹುಳ ಅಂತ ಹೇಳುತ್ತಾರಾ? ಔಷಧಿ ಕೊಟ್ಟ 14 ದಿನಕ್ಕೆ ಮತ್ತೆ ಎಣಿಸುತ್ತಾರಾ?